ಅಳಗುಳಿಮಣೆಯ ಖಾಲಿ ಗುಳಿ

ಆವತ್ತು ಬೆಳಗ್ಗೆ ಕೊಳ್ಳೇಗಾಲದ ಮೇಲೆ ಮಳೆ ಎನ್ನಲೂ ಆಗದ, ಮಂಜು ಎನ್ನಲೂ ಆಗದ ಒಂದು ತುಂತುರು ಕೂತಿತ್ತು. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಎದ್ದ ಮೋಡ ಮೇಲೆ ಹೋಗಲು ಮನಸ್ಸಿಲ್ಲದೆ ಕೆಳಗಿಳಿದು ಬಂದು ಹೆಂಚುಗಳ ಮೇಲೆ ಮೈಚಾಚಿತ್ತು. ರೇಷ್ಮೆಗೂಡು ಬೇಯಿಸುವ ಒಲೆಗಳ ಹೊಗೆ ಬೀದಿಯಲ್ಲೇ ಸುತ್ತುತ್ತಿತ್ತು. ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನ ಅದು. ಸದಾಶಿವಪ್ಪ ಪೂಜೆ ಮುಗಿಸಿ, ಲಿಂಗವನ್ನು ಕೊರಳ ಕರಡಿಗೆಗೆ ಸೇರಿಸಿ, ತನಗೊಬ್ಬನಿಗೇ ಕಾಯಿಸಿದ ಕಾಫಿಯನ್ನು ನಿಂತಲ್ಲೇ ಕುಡಿದು, ಕೊಡೆ ಹಿಡಿದು ಹನೂರು ರಸ್ತೆಯ ಬಸ್ ಶೆಡ್ಡಿನ ಕಡೆ ನಡೆದ.

ಶೆಡ್ಡಿನ ಮುಂದೆ ಜನ ಸೇರಿದ್ದರು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ ಬಸ್ಸನ್ನು ಯಾವುದೋ ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಬಸ್ಸಿನ ಹಣೆಗೆ ಬಳಿದ ವಿಭೂತಿ, ಕೊರಳಿಗೆ ಹಾಕಿದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇದ್ದವು. ಮದುವೆ ಮುರಿದ ಮನೆಯ ಚಪ್ಪರದ ಹಾಗೆ ಅದು ನಿಂತಿತ್ತು.

ತೊಂಬತ್ತಾರನೇ ಇಸವಿಯ ಮಾತು. ಆ ವರ್ಷಗಳಲ್ಲಿ ಸೂರ್ಯ ಇಳಿದ ಮೇಲೆ ಮಾದಪ್ಪನ ಬೆಟ್ಟದ ಘಾಟಿಯಲ್ಲಿ ಗಾಡಿ ಓಡಾಡುವಂತಿರಲಿಲ್ಲ. ಕಾಡುಗಳ್ಳರ ಭಯ ಒಂದು ಕಡೆ, ಪೊಲೀಸರ ತಡೆ ಇನ್ನೊಂದು ಕಡೆ. ಅಂಥಾದ್ದರಲ್ಲಿ ಸಂಜೆ ಹೊತ್ತು ತಿರುವಿನಲ್ಲಿ ಬಸ್ಸು ನಿಂತುಬಿಟ್ಟರೆ ಒಳಗಿದ್ದವರ ಪಾಡು ಆ ಮಾದಪ್ಪನಿಗೇ ಗೊತ್ತು.

ಡ್ರೈವರ್ ಚಿಕ್ಕಮಾದಪ್ಪ ಹಳೇ ಟಯರಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಸದಾಶಿವಪ್ಪನನ್ನು ಕಂಡು ಎದ್ದು ನಿಂತ.

"ನೀವೇ ಯೋಳಿ ಸಾ. ಗಾಡಿ ಕೆಟ್ಟಿದ್ದು ನನ್ ಕೈಲೋ, ಅದ್ರ ಒಟ್ಟೇಲೋ?"

ಅವನ ಮಾತು ಮುಗಿಯುವ ಮೊದಲೇ ಮಹಾಲಕ್ಷ್ಮಮ್ಮ ಬಂದರು. ಗಂಡ ತೀರಿಕೊಂಡ ಮೇಲೆ ಮೂರು ಬಸ್ಸುಗಳನ್ನು ತಾವೇ ನಡೆಸುತ್ತಿದ್ದ ಹೆಂಗಸು. ಸುತ್ತಿನ ಊರಲ್ಲೆಲ್ಲ ಅವು 'ಅಮ್ಮನ ಬಸ್ಸು' ಎಂದೇ ಹೆಸರಾಗಿದ್ದವು.

"ಎಷ್ಟನೇ ಸಲ ಇದು ಚಿಕ್ಕಮಾದಪ್ಪ? ಪ್ರತಿ ಅಮಾಸೆಗೂ ನಿನ್ ಕೈಲೇ ಯಾಕಪ್ಪ ನಿಲ್ಲದು? ಬಾಣಂತಿ ಎಂಗ್ಸು ಕೂಸ ಎತ್ಕಂಡು ಆ ಕತ್ಲೇಲಿ ಅಳ್ತಾ ಕುಂತಿದ್ಲಂತೆ. ಅದ ಕೇಳಿ ನಂಗೆ ಅನ್ನ ಸೇರ್ನಿಲ್ಲ. ದೀಪಾವಳಿ ಅಮಾಸೆಗೆ ಬ್ಯಾರೆ ಡ್ರೈವರ್ನ ನೋಡ್ತೀನಿ."

"ಬ್ಯಾರೇವ್ನು ಬಂದು ಗಾಡಿ ಎಗಲ್ ಮ್ಯಾಲೆ ಒತ್ಕಂಡೋದಾನಾ ಅವ್ವಾ?" ಚಿಕ್ಕಮಾದಪ್ಪ ನಗಿಸಲು ನೋಡಿದ. ಯಾರೂ ನಗಲಿಲ್ಲ. "ಮನೇಲಿ ಮೂರ್ ಮಕ್ಳವೆ ಕನವ್ವಾ. ಸ್ಟೇರಿಂಗ್ ಬುಟ್ರೆ ನಂಗೆ ಬ್ಯಾರೆ ಕಸುಬು ಬರಾಕಿಲ್ಲ."

ಬಸ್ಸಿನ ಕೆಳಗಿನಿಂದ ಮೆಕ್ಯಾನಿಕ್ ಪುಟ್ಟಮಾದಪ್ಪ ತೆವಳಿಕೊಂಡು ಹೊರಬಂದ. ಹಣೆಯ ವಿಭೂತಿ ಗ್ರೀಸಿನಲ್ಲಿ ಕಲೆಸಿಹೋಗಿತ್ತು. "ಡೀಸೆಲ್ ಪೈಪು ಗಾಳಿ ಹಿಡ್ದದೆ ಕನವ್ವಾ. ನಾನೇನೂ ಕಮ್ಮಿ ಮಾಡ್ನಿಲ್ಲ. ಉಪಾಸ ಇದ್ದು ಬಿಚ್ಚಿ ತೊಳ್ದು ಕಟ್ಟೀವ್ನಿ. ಇಷ್ಟಾದ್ರೂ ನಿಲ್ತದೆ ಅಂದ್ರೆ ಅಪ್ಪ ಮಾದಪ್ಪನ್ ಮನ್ಸಲ್ಲಿ ಏನದೋ."

ಮಹಾಲಕ್ಷ್ಮಮ್ಮ ಸದಾಶಿವಪ್ಪನ ಕಡೆ ತಿರುಗಿದರು. "ನೀವು ಆಕಾಸದ್ ಮ್ಯಾಲೆ ಓಗೋದ್ನೇ ನಿಲ್ದಂಗೆ ನೋಡ್ಕಂಡಿದ್ದೋರು. ನೆಲದ್ ಮ್ಯಾಲಿಂದು ಯಾಕೆ ನಿಲ್ತದೆ ಅಂತ ವಸಿ ನೋಡ್ಬಾರ್ದಾ? ಇವ್ನದು ತಪ್ಪಿಲ್ಲ ಅಂತ ನೀವಂದ್ರೆ ಇವ್ನೇ ಇರ್ಲಿ. ಅದೆ ಅಂದ್ರೆ ಓಗ್ಲಿ. ನಿಮ್ ಮಾತೇ ಮಾತು."

ಚಿಕ್ಕಮಾದಪ್ಪ ಕೈ ಮುಗಿದ. ಸದಾಶಿವಪ್ಪ ಆಗಲಿ ಎಂದ.

ಅವನು ಬೆಂಗಳೂರಿನ ಒಂದು ವಿಮಾನ ದುರಸ್ತಿ ಕಾರ್ಖಾನೆಯಲ್ಲಿ ಬದುಕು ಸವೆಸಿದವನು. ಮೊದಮೊದಲು ಸ್ಪ್ಯಾನರ್ ಹಿಡಿದ. ಆಮೇಲೆ ಲೆಕ್ಕದ ಕೋಣೆಗೆ ಹಾಕಿದರು. ಯಾವ ವಿಮಾನದ ಯಾವ ಭಾಗ ಎಷ್ಟು ಗಂಟೆ ಹಾರಿದ ಮೇಲೆ ಕೆಟ್ಟಿತು ಎಂದು ಬರೆದಿಡುವುದು, ಬರೆದದ್ದನ್ನೆಲ್ಲ ಕೂಡಿಸಿ ನೋಡುವುದು, ಇಂಥ ಭಾಗವನ್ನು ಇಂಥ ಕಾಲಕ್ಕೆ ಬಿಚ್ಚಬೇಕು, ಇಂಥದ್ದನ್ನು ಮುಟ್ಟಬಾರದು ಎಂದು ಮೇಲಿನವರಿಗೆ ತಿಳಿಸುವುದು, ಇದು ಅವನ ಕೆಲಸ. ಹಿಂದೆ ಎಲ್ಲವನ್ನೂ ಗಂಟೆ ತುಂಬಿತೆಂದು ಬಿಚ್ಚಿಬಿಡುತ್ತಿದ್ದರು. ಮನುಷ್ಯರ ಹಾಗೆ ಯಂತ್ರಕ್ಕೂ ಮುಪ್ಪು ಬರುತ್ತದೆ, ಬರುವ ಮೊದಲೇ ಬಿಚ್ಚಿದರೆ ಕ್ಷೇಮ ಎಂಬ ನಂಬಿಕೆ. ಲೆಕ್ಕ ಕೂಡುತ್ತಾ ಹೋದ ಹಾಗೆ ಬೇರೆಯೇ ಸಂಗತಿ ಕಂಡಿತು. ಎಷ್ಟೋ ಭಾಗಗಳಿಗೆ ಮುಪ್ಪೆಂಬುದೇ ಇರಲಿಲ್ಲ. ಅವುಗಳಿಗಿದ್ದದ್ದು ಬಾಲಗ್ರಹ. ಹೊಸದಾಗಿ ಕಟ್ಟಿದ ಮೊದಲ ಕೆಲವು ಹಾರಾಟದಲ್ಲೇ ಕೆಡುತ್ತಿದ್ದವು. ಆ ಗಂಡಾಂತರ ದಾಟಿದರೆ ವರ್ಷಗಟ್ಟಲೆ ತಣ್ಣಗೆ ನಡೆಯುತ್ತಿದ್ದವು. ನಡೆಯುತ್ತಿರುವುದನ್ನು ಬಿಚ್ಚಿದರೆ ಮತ್ತೆ ಅದು ಕೂಸಾಗುತ್ತಿತ್ತು.

ಆ ಕೆಲಸದಿಂದ ನಿವೃತ್ತನಾದ ಮೇಲೆ ಹೆಂಡತಿ ಚನ್ನಮಲ್ಲಮ್ಮ, ನಮ್ಮೂರಿಗೆ ಹೋಗೋಣ ಎಂದಳು. ಮಕ್ಕಳಿರಲಿಲ್ಲ. ಕೊಳ್ಳೇಗಾಲದಲ್ಲಿ ಅವಳ ಬಂಧುಗಳ ಬೀದಿಯಲ್ಲೇ ಒಂದು ಮನೆ ಹಿಡಿದರು. ವರ್ಷ ತುಂಬುವುದರೊಳಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಹೂ ಕಟ್ಟುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಸಾವಿರ ಭಾಗಗಳ ಆಯುಸ್ಸನ್ನು ತೂಗಿದ್ದ ಸದಾಶಿವಪ್ಪನಿಗೆ ಅವಳ ಪಕ್ಕದಲ್ಲಿ ಕೂತು ಏನು ಎಣಿಸಬೇಕೆಂದು ತಿಳಿಯಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಬಂಧುಗಳು ತಮ್ಮ ತಮ್ಮ ಮಗ್ಗಕ್ಕೆ, ಗದ್ದೆಗೆ ಹೋದರು. ಊರು ಅವಳದ್ದು. ಅವನು ಅವಳ ಗಂಡ, ಅಷ್ಟೆ. ಬೀದಿಯವರು ಅವನಿಗೆ ಇಟ್ಟ ಹೆಸರು 'ಇಮಾನದಪ್ಪ'. ಕೆಲವು ದಿನ ಬೆಳಗಿನಿಂದ ಬೈಗಿನವರೆಗೆ ಬಾಯಿಂದ ಒಂದು ಮಾತೂ ಹೊರಡದೆ, ದೀಪ ಹಚ್ಚುವಾಗ ಶಿವಾ ಎಂದರೆ ತನ್ನ ದನಿ ತನಗೇ ಹೊಸದೆನಿಸುತ್ತಿತ್ತು.

ಹಾಗಿದ್ದವನಿಗೆ ಸಿಕ್ಕವನು ಪುಟ್ಟಮಾದಪ್ಪ. ಒಂದು ಸಂಜೆ ಸುಮ್ಮನೆ ಶೆಡ್ಡಿನ ಮುಂದೆ ನಿಂತು ಎಂಜಿನ್ನಿನ ಸದ್ದು ಕೇಳುತ್ತಿದ್ದಾಗ, "ನಿಂತ್ಕಂಡು ಯಾಕ್ ಕೇಳ್ತೀರಿ, ಕುಂತ್ಕಂಡು ಕೇಳಿ ಸಾ, ಅದು ಕಾಸು ಕೇಳಾಕಿಲ್ಲ" ಎಂದು ಪೆಟ್ಟಿಗೆ ಸರಿಸಿ ಜಾಗ ಮಾಡಿಕೊಟ್ಟಿದ್ದ. ಅವತ್ತಿನಿಂದ ಸಂಜೆಯ ಟೀ ಅಲ್ಲೇ. ಪುಟ್ಟಮಾದಪ್ಪನೂ ಒಂಟಿ. ಯಳಂದೂರಿನ ಕಡೆಯವನು. ಹುಡುಗನಾಗಿದ್ದಾಗಲೇ ಮಾದಪ್ಪನ ಗುಡ್ಡನಾಗಿ, ಅವನ ಕತೆ ಹಾಡುವ ಭಕ್ತನಾಗಿ ದೀಕ್ಷೆ ಪಡೆದವನು, ಮದುವೆ ಮಾಡಿಕೊಳ್ಳಲಿಲ್ಲ. ಶೆಡ್ಡಿನಲ್ಲೇ ಅಡುಗೆ, ಶೆಡ್ಡಿನಲ್ಲೇ ನಿದ್ದೆ. ಕತೆ ಹೇಳತೊಡಗಿದರೆ ಮಾದಪ್ಪ ಪಕ್ಕದ ಬೀದಿಯ ಹಿರಿಯನೊಬ್ಬ ಈಗ ತಾನೇ ಎದ್ದುಹೋದ ಹಾಗೆ ಹೇಳುತ್ತಿದ್ದ. ಹುಲಿಯ ಬೆನ್ನು ಸವರಿದ ಕೈಯ ಬಿಸಿ ಇನ್ನೂ ಆರಿಲ್ಲವೇನೋ ಎಂಬಂತೆ. ಸದಾಶಿವಪ್ಪ ಕೇಳುತ್ತಿದ್ದ. ದಿನದಲ್ಲಿ ಅದೊಂದು ಗಳಿಗೆಯಲ್ಲಿ ಅವನಿಗೆ ಮನೆ ಎಂಬುದು ಇದ್ದ ಹಾಗೆ ಆಗುತ್ತಿತ್ತು.

ಅಮಾವಾಸ್ಯೆ ಬೆಟ್ಟದ ದೊಡ್ಡ ದಿನ. ಅದಕ್ಕೆ ಮುಂಚೆ ಪುಟ್ಟಮಾದಪ್ಪ ಉಪವಾಸ ಹಿಡಿದು, ಒದ್ದೆ ಬಟ್ಟೆಯಲ್ಲಿ ಬಸ್ಸುಗಳನ್ನು ಬಿಚ್ಚುತ್ತಿದ್ದ. ಪಂಪು, ನಾಝಲ್ಲು, ಪೈಪು, ಹೋಸು, ಗೇರು, ಚಕ್ರದ ಡ್ರಮ್ಮು, ಎಲ್ಲವೂ ಸೀಮೆಎಣ್ಣೆಯಲ್ಲಿ ಮಿಂದು, ಚಾಪೆಯ ಮೇಲೆ ಒಣಗಿ, ಮತ್ತೆ ತಮ್ಮ ಜಾಗ ಸೇರುತ್ತಿದ್ದವು. ಇದನ್ನು ಅವನು ರಿಪೇರಿ ಎನ್ನುತ್ತಿರಲಿಲ್ಲ. "ಅಪ್ಪನ್ ಮುಂದ್ಕೆ ಓಗೋರು ತಲೆ ಮ್ಯಾಲೆ ನೀರ್ ಉಯ್ಕಂಡು ಓಯ್ತಾರೆ. ಗಾಡಿಗೂ ಮಡಿ ಆಗ್ಬ್ಯಾಡ್ವಾ ಸಾ?" ಎನ್ನುತ್ತಿದ್ದ.

ಸದಾಶಿವಪ್ಪನ ಲೆಕ್ಕ ಶುರುವಾಯಿತು. ಬಸ್ಸಿನ ಟ್ರಿಪ್ ಚೀಟಿಗಳನ್ನು ಮಹಾಲಕ್ಷ್ಮಮ್ಮನ ಮನೆಯಿಂದ ತರಿಸಿದ. ಕಂಡಕ್ಟರುಗಳನ್ನು, ಹನೂರಿನ ಪಂಕ್ಚರ್ ಅಂಗಡಿಯವನನ್ನು, ತಾಳಬೆಟ್ಟದ ಟೀ ಅಂಗಡಿಯವನನ್ನು ಮಾತಾಡಿಸಿದ. ಎಲ್ಲ ಸೇರಿದ ಮೇಲೆ ಮನೆಯಲ್ಲಿ ಕೂತು ಚನ್ನಮಲ್ಲಮ್ಮನ ಅಳಗುಳಿಮಣೆಯನ್ನು ಕೆಳಗಿಳಿಸಿದ. ಅವಳು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಹುಣಸೆಬೀಜದ ಚೀಲವೂ ಜೊತೆಗೇ ಇತ್ತು.

ಬಸ್ಸು ನಿಂತ ಒಂದೊಂದು ಸಲಕ್ಕೂ ಎರಡು ಬೀಜ, ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು. ಮೇಲಿನ ಸಾಲಿನ ಗುಳಿಗಳು ದಿನಕ್ಕೆ: ಬಿಚ್ಚಿ ಕಟ್ಟಿದ ಮೊದಲ ದಿನಗಳಿಗೆ ಎಡತುದಿಯದು, ಅಲ್ಲಿಂದ ಮುಂದೆ ಮುಂದೆ ಹೋಗಿ, ಇನ್ನೇನು ಮತ್ತೆ ಬಿಚ್ಚುವ ಕಾಲ ಬಂತು ಎನ್ನುವಾಗ ಬಲತುದಿಯದು. ಕೆಳಗಿನ ಸಾಲು ಕೆಟ್ಟದ್ದೇನು ಎಂಬುದಕ್ಕೆ: ಡೀಸೆಲ್ಲಿನದು ಒಂದು ಗುಳಿ, ನೀರಿನ ಹೋಸಿನದು ಒಂದು, ಗೇರು, ಬ್ಯಾಟರಿ, ಟಯರು, ಬ್ರೇಕು. ಒಂದೊಂದೇ ಬೀಜ ಹಾಕುತ್ತಾ ಹೋದ. ಹಾಕುವಾಗಿನ ಟಕ್ ಎಂಬ ಸದ್ದಿಗೆ, ಎದುರಿಗೆ ಕೂತು ಮೋಸದ ಆಟ ಆಡುತ್ತಿದ್ದವಳ ನೆನಪು ಬಂದು, ಎರಡು ಸಲ ತಲೆಯೆತ್ತಿ ನೋಡಿದ.

ಮೇಲಿನ ಸಾಲಿನ ಎಡತುದಿಯ ಗುಳಿ ತುಂಬಿ ಬೀಜ ಹೊರಗೆ ಉರುಳತೊಡಗಿತು. ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಕೆಳಗೆ ಡೀಸೆಲ್ಲು ಮತ್ತು ಹೋಸಿನ ಗುಳಿಗಳು ರಾಶಿ. ಬ್ರೇಕಿನ ಗುಳಿ ಖಾಲಿ.

ಅವನು ಆತುರ ಪಡಲಿಲ್ಲ. ಅಮಾವಾಸ್ಯೆಗೆ ಜನ ಜಾಸ್ತಿ, ಭಾರ ಜಾಸ್ತಿ, ಅದಕ್ಕೇ ನಿಲ್ಲುತ್ತದೆ ಎನ್ನಬಹುದಲ್ಲ? ಹುಡುಕಿದ. ಹೋದ ಶಿವರಾತ್ರಿಗೆ ಪುಟ್ಟಮಾದಪ್ಪನಿಗೆ ಸೀತಾಳೆ ಸಿಡುಬು ಎದ್ದು ತಂಗಿಯ ಮನೆಯಲ್ಲಿ ಮಲಗಿದ್ದ, ಬಸ್ಸು ಬಿಚ್ಚಿರಲಿಲ್ಲ. ಜನ ಟಾಪಿನ ಮೇಲೂ ತುಂಬಿದ್ದರು. ಬಸ್ಸು ಎಲ್ಲೂ ನಿಲ್ಲಲಿಲ್ಲ. ಇನ್ನೊಂದು ಸಲ ಬಿಚ್ಚಿ ಕಟ್ಟಿದ ಮಾರನೆಯ ದಿನವೇ ಬೆಟ್ಟದ ರಸ್ತೆ ಬಂದ್ ಆಗಿ, ಬಸ್ಸು ಅಲ್ಲಿಗೆ ಹೋಗದೆ ಬರೀ ನಾಲ್ಕು ಜನ ಹೊತ್ತು ಯಳಂದೂರಿಗೆ ಹೊರಟಿತ್ತು. ಸಮತಟ್ಟು ರಸ್ತೆಯಲ್ಲೇ ಹೋಸು ಕಳಚಿ ನಿಂತಿತ್ತು. ಆ ದಿನ ಸ್ಟೇರಿಂಗ್ ಹಿಡಿದವನು ಚಿಕ್ಕಮಾದಪ್ಪನಲ್ಲ.

ಇನ್ನು ಅನುಮಾನ ಉಳಿಯಲಿಲ್ಲ. ಬಸ್ಸನ್ನು ನಿಲ್ಲಿಸುತ್ತಿದ್ದದ್ದು ಅದರ ಮಡಿ. ಅಷ್ಟೊಂದು ಬಿರಡೆ, ಅಷ್ಟೊಂದು ವಾಷರು ಬಿಚ್ಚಿ ಕಟ್ಟುವಾಗ ಎಲ್ಲೋ ಒಂದು ಕಡೆ ಗಾಳಿ ನುಗ್ಗುತ್ತದೆ, ಎಲ್ಲೋ ಒಂದು ಸುತ್ತು ಸಡಿಲ ಉಳಿಯುತ್ತದೆ. ಯಾರ ಕೈಯಾದರೂ ಅಷ್ಟೆ.

ಬೀಜಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದ. ಕಾಣದಿದ್ದರೆ ಇಲ್ಲವಾಗುತ್ತದೇನೋ ಎಂಬ ಹಾಗೆ. ಇದನ್ನು ಹೇಳಿದರೆ ಚಿಕ್ಕಮಾದಪ್ಪನ ಅನ್ನ ಉಳಿಯುತ್ತದೆ. ಹೇಳಿದರೆ ಆ ಸಂಜೆಯ ಪೆಟ್ಟಿಗೆ, ಆ ಟೀ, ಆ ಕತೆ ಉಳಿಯುವುದಿಲ್ಲ.

ಮೊದಲು ಪುಟ್ಟಮಾದಪ್ಪನಿಗೇ ಹೇಳಬೇಕು ಎಂದುಕೊಂಡು ಶೆಡ್ಡಿಗೆ ಹೋದ. ಅವನು ಅವತ್ತು ಹುರುಪಿನಲ್ಲಿದ್ದ. "ಈ ದೀಪಾವಳಿಗೆ ನೋಡಿ ಸಾ, ಒಂದ್ ಬೋಲ್ಟೂ ಬುಡಾಕಿಲ್ಲ. ಎಲ್ಲಾ ತಗ್ದು ತೊಳ್ದುಬುಡ್ತೀನಿ. ಅಪ್ಪ ಎಂಗ್ ಒಪ್ಕೊಳಾಕಿಲ್ಲ ನೋಡವ" ಎಂದ. ಸದಾಶಿವಪ್ಪ ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದ. ಮಾರನೆಯ ದಿನವೂ ತಲೆಯಾಡಿಸಿದ. ಹೀಗೆ ದಿನಗಳು ಉರುಳಿ ದೀಪಾವಳಿ ಬಂದುಬಿಟ್ಟಿತು.

ಪುಟ್ಟಮಾದಪ್ಪ ಒದ್ದೆ ಪಂಚೆಯಲ್ಲಿ ಬಾನೆಟ್ಟಿನ ಮುಂದೆ ಕರ್ಪೂರ ಹಚ್ಚಿ, ಸ್ಪ್ಯಾನರ್ ಕಣ್ಣಿಗೊತ್ತಿಕೊಂಡ ಹೊತ್ತಿಗೆ ಮಹಾಲಕ್ಷ್ಮಮ್ಮ ಬಂದರು. ಹಿಂದೆ ಚಿಕ್ಕಮಾದಪ್ಪ, ಕಂಡಕ್ಟರು, ಶೆಡ್ಡಿನ ಎದುರಿನ ಟೀ ಅಂಗಡಿಯ ಶಿವಯ್ಯ.

"ಏನ್ರಪ್ಪ, ನಿಮ್ ಲೆಕ್ಕ ಏನಂತದೆ? ಇವ್ನದಾ ತಪ್ಪು?"

"ಅಲ್ಲ" ಎಂದ ಸದಾಶಿವಪ್ಪ. ಚಿಕ್ಕಮಾದಪ್ಪ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಮತ್ಯಾರ್ದು?"

ಸದಾಶಿವಪ್ಪ ಪುಟ್ಟಮಾದಪ್ಪನ ಕಡೆ ನೋಡಲಿಲ್ಲ. "ಯಾರದ್ದೂ ಅಲ್ಲಮ್ಮ. ಬಿಚ್ಚೋದರಿಂದ ಆಗ್ತಿದೆ. ಬಿಚ್ಚಿ ಕಟ್ಟಿದ ಹೊಸದರಲ್ಲೇ ಕೆಡುತ್ತೆ. ಬಿಡದೆ ಓಡ್ತಾ ಇದ್ದಾಗ ಕೆಡೋದಿಲ್ಲ. ಚೆನ್ನಾಗಿ ನಡೀತಿರೋದನ್ನ ಬಿಚ್ಚಬಾರದು. ವಿಮಾನದಲ್ಲೂ ನಾವು ಇದನ್ನೇ ಕಂಡದ್ದು."

ಬಾನೆಟ್ಟಿನ ಮುಂದೆ ಕರ್ಪೂರ ಉರಿದು ಮುಗಿಯಿತು. ಕಂಡಕ್ಟರು ಕಿಸಕ್ಕನೆ ನಕ್ಕ. "ಇಷ್ಟು ವರ್ಸ ಇವ್ನೇ ಉಪಾಸ ಇದ್ಕಂಡು ಗಾಡಿ ಕೆಡಿಸ್ತಿದ್ದಾ!"

"ಸುಮ್ಕಿರ್ಲಾ ಲೇ" ಎಂದ ಶಿವಯ್ಯ.

"ನನ್ ಕೈ ಕೆಟ್ಟದ್ದಾ ಸಾ?" ಪುಟ್ಟಮಾದಪ್ಪ ಕೇಳಿದ.

"ಕೈಯಲ್ಲ ಪುಟ್ಟಮಾದಪ್ಪ. ಯಾರ ಕೈಯಾದ್ರೂ ಇದೇ ಆಗ್ತಿತ್ತು."

"ಯಾರ್ ಕೈಯಾದ್ರೂ!" ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ನಿಮ್ ಇಮಾನ ಯಾವ್ ದ್ಯಾವ್ರ ಮುಂದೂ ಓಗಿ ನಿಂತ್ಕಳಾಕಿಲ್ಲ ಸಾ. ನಮ್ದು ನಿಂತ್ಕತದೆ. ಕೊಳೆ ಮೈಲಿ ಎಂಗೋದದು?"

ಸಾಮಾನಿನ ಕೋಣೆಯ ಬೀಗದಕೈಯನ್ನು ಬಾನೆಟ್ಟಿನ ಮೇಲಿಟ್ಟು, ಗೂಟದ ಮೇಲಿದ್ದ ಅಂಗಿ, ಜೋಳಿಗೆ ತಕ್ಕೊಂಡು ಯಳಂದೂರು ರಸ್ತೆ ಹಿಡಿದ. ಮಹಾಲಕ್ಷ್ಮಮ್ಮ ಎರಡು ಸಲ ಕೂಗಿದರು. ಅವನು ತಿರುಗಲಿಲ್ಲ. "ಓಗ್ಲಿ ಬುಡಿ, ಕ್ವಾಪ ಇಳಿದ್ಮ್ಯಾಲೆ ಬತ್ತಾನೆ" ಎಂದು ಆ ಬೀಗದಕೈಯನ್ನು ಸದಾಶಿವಪ್ಪನ ಕೈಗೆ ಕೊಟ್ಟರು. "ಅಲ್ಲೀಗಂಟ ನೀವೇ ವಸಿ ಬಾಗ್ಲು ತಗ್ದು ಆಕಿ. ಇನ್ಮ್ಯಾಕೆ ಯಾವ್ದುನ್ನೂ ಬಿಚ್ಚಂಗಿಲ್ಲ."

ದೀಪಾವಳಿ ಅಮಾವಾಸ್ಯೆಗೆ ಮೂರು ಬಸ್ಸೂ ಜನ ತುಂಬಿ ಬೆಟ್ಟ ಹತ್ತಿದವು, ಇಳಿದವು. ಒಂದೂ ನಿಲ್ಲಲಿಲ್ಲ. ಚಿಕ್ಕಮಾದಪ್ಪ ಲಾಡು ಪ್ರಸಾದ ತಂದು ಕಣ್ಣಿಗೊತ್ತಿಕೊಂಡು ಕೊಟ್ಟ. "ನೀವು ನನ್ ಮಕ್ಳ ಅನ್ನ ಉಳಿಸ್ದೋರು ಸಾ" ಎಂದ. ಟೀ ಅಂಗಡಿಯಲ್ಲಿ ಶಿವಯ್ಯ, "ನಮ್ಮತ್ತೇನೂ ವಸಿ ಲೆಕ್ಕ ಆಕ್ಕೊಡಿ ಸಾ, ಯಾವ್ಯಾವ್ ದಿನ ಕೆಡ್ತಾಳೆ ಅಂತ. ಆವತ್ತು ನಾನು ಹನೂರ್ಗೆ ಓಗ್ಬುಡ್ತೀನಿ" ಎಂದು ಎಲ್ಲರನ್ನೂ ನಗಿಸಿದ. ಸದಾಶಿವಪ್ಪನೂ ನಕ್ಕ.

ಆದರೆ ಸಂಜೆ ಶೆಡ್ಡಿನಲ್ಲಿ ಕೂತರೆ ನಗು ಉಳಿಯುತ್ತಿರಲಿಲ್ಲ. ಬಾಗಿಲು ತೆಗೆಯುವವನು ಅವನೇ, ಹಾಕುವವನೂ ಅವನೇ. ಪುಟ್ಟಮಾದಪ್ಪ ಹೇಳಿದ್ದ ಕತೆಗಳಲ್ಲಿ ಒಂದನ್ನು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಮಾದಪ್ಪ ಕಾಡಿನ ಅಂಚಿಗೆ ಬಂದು ಒಂದು ಗುಡಿಸಲ ಮುಂದೆ ನಿಂತು ನೀರು ಕೇಳುವವರೆಗೆ ನೆನಪಿತ್ತು. ಒಳಗಿನಿಂದ ಯಾರು ಬಂದರು, ನೀರು ಕೊಟ್ಟರೋ ಇಲ್ಲವೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮಾದಪ್ಪ ಬಾಗಿಲಲ್ಲೇ ನಿಂತುಬಿಟ್ಟ.

ಕಾರ್ತಿಕದ ಅಮಾವಾಸ್ಯೆಗೆ, ಮನೆಯಲ್ಲಿರಲಾಗದೆ, ತಾನೂ ಬೆಟ್ಟಕ್ಕೆ ಹೊರಟ. ಸಾಲಿನಲ್ಲಿ ನಿಂತು ಗುಡಿಯೊಳಗೆ ಹೋದಾಗ ಏನು ಕೇಳಿಕೊಳ್ಳಬೇಕೆಂದು ತಿಳಿಯದೆ, ಕೈಮುಗಿದು ಹಾಗೇ ಹೊರಗೆ ಬಂದ. ಹಿಂದಿರುಗಲು ಹತ್ತಿದ ಚಿಕ್ಕಮಾದಪ್ಪನ ಮಧ್ಯಾಹ್ನದ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ.

ಘಾಟಿಯ ಅರ್ಧ ಇಳಿದಿದ್ದರು. ಕಾಲಡಿಯಿಂದ ಒಂದು ವಾಸನೆ ಬಂತು. ಸುಟ್ಟ ಕೂದಲಿನಂಥದ್ದು. ಜನ ಮೂಗು ಮುಚ್ಚಿಕೊಂಡು, ಯಾರೋ ಕಾಡಿಗೆ ಬೆಂಕಿ ಇಟ್ಟಿದ್ದಾರೆ ಎಂದರು. ಸದಾಶಿವಪ್ಪ ಬಗ್ಗಿ ಚಕ್ರದ ಕಡೆ ಕಿವಿಗೊಟ್ಟ. ಮುಂದಿನ ತಿರುವಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಎದ್ದಿತು. ಬಸ್ಸು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಚಿಕ್ಕಮಾದಪ್ಪ ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರನ್ನು ಕೆಳಗೆ ಕೆಡವಿ, ಇಡೀ ಮೈಯನ್ನು ಸ್ಟೇರಿಂಗಿಗೆ ಹಾಕಿ ಬೆಟ್ಟದ ಕಡೆಗೆ ತಿರುಗಿಸಿದ. ಬಂಪರು ಮಣ್ಣಿನ ದಿಬ್ಬಕ್ಕೆ ಗುದ್ದಿ ಬಸ್ಸು ನಿಂತಿತು. "ಉಘೇ ಮಾದಪ್ಪ!" ಎಂದು ಒಳಗಿದ್ದವರೆಲ್ಲ ಒಂದೇ ದನಿಯಲ್ಲಿ ಕೂಗಿದರು. ಯಾರಿಗೂ ಏನೂ ಆಗಲಿಲ್ಲ. ಎಡಗಡೆ ಕಣಿವೆ ಬಿಸಿಲಲ್ಲಿ ಸುಮ್ಮನೆ ಬಿದ್ದಿತ್ತು.

ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ, ಖಾಲಿ ಬಸ್ಸನ್ನು ಮೊದಲ ಗೇರಿನಲ್ಲಿ ಆಮೆಯ ಹಾಗೆ ತಾಳಬೆಟ್ಟಕ್ಕೆ ಇಳಿಸಿದರು.

"ಬ್ರೇಕಿನ ಲೈನಿಂಗ್ ಯಾವಾಗ ನೋಡಿದ್ದು?" ಸದಾಶಿವಪ್ಪ ಕೇಳಿದ.

ಚಿಕ್ಕಮಾದಪ್ಪ ಸೀಟಿನಿಂದ ಕೆಳಗಿಳಿದ. "ಯಾರ್ ನೋಡ್ತಾರೆ ಸಾ? ಪುಟ್ಮಾದಪ್ಪಣ್ಣ ಇದ್ದಾಗ ಅಮಾಸೆ ಅಮಾಸೆಗೂ ಡ್ರಮ್ ತಗ್ದು ನೋಡೋನು. ಸವ್ದಿದ್ರೆ ಬದ್ಲಾಯ್ಸೋನು. ನೀವೇ ಬಿಚ್ಬ್ಯಾಡಿ ಅಂದ್ರಲ್ಲ. ಅಮ್ಮ ಚಕ್ರನೂ ಮುಟ್ಟುಸ್ನಿಲ್ಲ."

ಸದಾಶಿವಪ್ಪ ರಸ್ತೆಬದಿಯ ಕಲ್ಲಿನ ಮೇಲೆ ಕೂತ. ಬ್ರೇಕಿಗೆ ಮುಪ್ಪಿದೆ. ಪ್ರತಿ ತಿರುವಿನಲ್ಲೂ ಅದು ಒಂದಿಷ್ಟು ಸಾಯುತ್ತದೆ. ಕಾರ್ಖಾನೆಯಲ್ಲಿ ಚಕ್ರದ ಭಾಗಗಳನ್ನು ಅಳೆಯದೆ ವಿಮಾನವನ್ನು ಬಿಟ್ಟದ್ದೇ ಇಲ್ಲ. ಇದು ಅವನಿಗೆ ಹೊಸತಲ್ಲ. ಆದರೆ ಮಣೆಯ ಮೇಲೆ ಬ್ರೇಕಿನ ಗುಳಿ ಖಾಲಿ ಇದ್ದದ್ದನ್ನು ಕಂಡು, ಅಲ್ಲಿ ಹೇಳಬೇಕಾದ್ದು ಏನೂ ಇಲ್ಲ ಎಂದುಕೊಂಡು ದಾಟಿ ಹೋಗಿದ್ದ. ಕೆಟ್ಟದ್ದಕ್ಕೆ ಒಂದು ಬೀಜ ಬೀಳುತ್ತದೆ. ಕೆಡದಂತೆ ಕಾಯ್ದದ್ದಕ್ಕೆ ಯಾವ ಬೀಜವೂ ಬೀಳುವುದಿಲ್ಲ. ಆ ಗುಳಿಯನ್ನು ವರ್ಷಗಟ್ಟಲೆ ಖಾಲಿ ಇಟ್ಟಿದ್ದವನು ಹಸಿದ ಹೊಟ್ಟೆಯಲ್ಲಿ ಡ್ರಮ್ಮು ತೊಳೆಯುತ್ತಿದ್ದ ಮನುಷ್ಯ.

ಕೊಳ್ಳೇಗಾಲಕ್ಕೆ ಬಂದವನೇ ಮಹಾಲಕ್ಷ್ಮಮ್ಮನ ಮನೆಗೆ ಹೋಗಿ, "ಬಸ್ಸು ಹೊರಡಬಾರದು. ನಾನು ಹೇಳಿದ್ದು ಅರ್ಧ ಸತ್ಯ" ಎಂದ.

"ಶಿವನೇ! ಈಗ್ ಯೋಳ್ತೀರಲ್ಲಪ್ಪ" ಎಂದು ಅವರು ಬಾಗಿಲಲ್ಲೇ ಕುಸಿದು ಕೂತರು.

ಮಾರನೆಯ ದಿನ ಯಳಂದೂರಿಗೆ ಹೋಗಿ, ಅಲ್ಲಿಂದ ನಡೆದು ಪುಟ್ಟಮಾದಪ್ಪನ ತಂಗಿ ಪುಟ್ಟಬಸಮ್ಮನ ಮನೆ ಹುಡುಕಿದ. ಭತ್ತದ ಗದ್ದೆಗಳ ಮೇಲೆ ಬಿಳಿ ಬಿಸಿಲಿತ್ತು. ಪುಟ್ಟಮಾದಪ್ಪ ಜಗುಲಿಯಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಪುಟ್ಟಬಸಮ್ಮ ನೀರು, ಬೆಲ್ಲ ತಂದಿಟ್ಟು, "ಯಾರಣ್ಣೋ ಇವ್ರು?" ಎಂದಳು.

"ಲೆಕ್ಕದೋರು ಕನಾ" ಎಂದ ಪುಟ್ಟಮಾದಪ್ಪ, ಕೈ ನಿಲ್ಲಿಸದೆ. "ಎಂಜಿನ್ ಕೆಡ್ತಾ ಸಾ?"

"ಇಲ್ಲ. ಎಂಜಿನ್ನಿನ ಲೆಕ್ಕ ಸರಿಯಾಗೇ ಇದೆ. ಅದನ್ನ ನಾನು ವಾಪಸ್ ತಗೊಳ್ಳಕ್ಕೆ ಬಂದಿಲ್ಲ."

"ಮತ್ಯಾಕ್ ಬಂದ್ರಿ?"

"ಘಾಟಿ ಇಳಿಯುವಾಗ ಬ್ರೇಕ್ ಹೋಯ್ತು."

ಹಗ್ಗ ಅವನ ಕೈಯಿಂದ ಜಾರಿತು. "ಯಾರ್ಗಾದ್ರೂ ಏನಾದ್ರೂ..."

"ಇಲ್ಲ. ಚಿಕ್ಕಮಾದಪ್ಪ ದಿಬ್ಬಕ್ಕೆ ಹೊಡೆದು ನಿಲ್ಲಿಸಿದ."

"ಸಿವ ಸಿವಾ" ಎಂದು ಅವನು ಕಣ್ಣು ಮುಚ್ಚಿದ.

ಸದಾಶಿವಪ್ಪ ಮಣೆಯ ಸಂಗತಿ ಹೇಳಿದ. ಯಾವ ಗುಳಿ ತುಂಬಿತ್ತು, ಯಾವುದು ಖಾಲಿ ಇತ್ತು, ಖಾಲಿ ಗುಳಿಯಲ್ಲಿ ಇದ್ದದ್ದು ಏನು ಎಂಬುದು ತನಗೆ ಕಾಣಲಿಲ್ಲ ಎಂದ. ಪುಟ್ಟಮಾದಪ್ಪ ಕೇಳಿಸಿಕೊಂಡ.

"ಅಷ್ಟ್ ಜನದ್ ಮುಂದೆ ಯೋಳ್ದಾಗ ಇದ್ನ ಯಾಕ್ ಯೋಳ್ನಿಲ್ಲ?"

"ನನಗೆ ಹೊಳೀಲಿಲ್ಲ."

"ಪಂಚರ್ ಅಂಗ್ಡಿಯೋನ್ನ ಕೇಳುದ್ರಿ. ತಾಳಬೆಟ್ಟದ್ ಟೀಯೋನ್ನ ಕೇಳುದ್ರಿ. ದಿನಾ ಸಂದೆ ನಿಮ್ ಪಕ್ಕದಲ್ಲೇ ಕುಂತಿದ್ನಲ್ಲ ಸಾ, ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಸದಾಶಿವಪ್ಪ ಬೆಲ್ಲದ ಅಚ್ಚನ್ನೇ ನೋಡುತ್ತಾ ಕೂತ. "ಕೇಳಿದ್ರೆ ನೀನು ಎದ್ದು ಹೋಗ್ತೀಯ ಅಂತ ಭಯ ಇತ್ತು. ನನಗೆ ಅಲ್ಲಿ ಬೇರೆ ಯಾರೂ ಇಲ್ಲ."

ಗದ್ದೆಯ ಮೇಲಿಂದ ಬೆಳ್ಳಕ್ಕಿಗಳು ಎದ್ದು, ಇನ್ನೊಂದು ಗದ್ದೆಯಲ್ಲಿ ಇಳಿದವು. ಪುಟ್ಟಮಾದಪ್ಪ ಬಿದ್ದ ಹಗ್ಗವನ್ನು ಎತ್ತಿಕೊಂಡು ಸಿಕ್ಕು ಬಿಡಿಸತೊಡಗಿದ.

"ಬಾ" ಎಂದ ಸದಾಶಿವಪ್ಪ. "ಚಕ್ರ ಬಿಚ್ಚು. ಉಪವಾಸ ಇದ್ದು ಬಿಚ್ಚು. ಎಂಜಿನ್ನಿಗೆ ಮೇಲಿಂದ ನೀರು ಹಾಕಿ ಮಡಿ ಮಾಡು. ಒಳಗಿಂದು ಮಾತ್ರ ಬಿಚ್ಚಬೇಡ."

"ಮ್ಯಾಲಿಂದ ನೀರುಯ್ದ್ರೆ ಮಡಿ ಆದದಾ?"

"ನಾವು ಮಾಡೋದೂ ಅಷ್ಟೇ ಅಲ್ವಾ?"

ಪುಟ್ಟಮಾದಪ್ಪನ ತುಟಿ ಸ್ವಲ್ಪ ಅಲುಗಿದ ಹಾಗಾಯಿತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಸದಾಶಿವಪ್ಪ ಒಬ್ಬನೇ ಬಸ್ಸು ಹಿಡಿದು ಹಿಂದಿರುಗಿದ.

ಎರಡು ದಿನ ಬಸ್ಸುಗಳು ಶೆಡ್ಡಿನಲ್ಲೇ ನಿಂತವು. ಮೂರನೆಯ ದಿನ ಬೆಳಗ್ಗೆ, ಯಳಂದೂರಿನ ಮೊದಲ ಬಸ್ಸು ಬಂದ ಸ್ವಲ್ಪ ಹೊತ್ತಿಗೆ, ಪುಟ್ಟಮಾದಪ್ಪ ಜೋಳಿಗೆ ಹೆಗಲಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಮಹಾಲಕ್ಷ್ಮಮ್ಮ, ಚಿಕ್ಕಮಾದಪ್ಪ, ಕಂಡಕ್ಟರು, ಶಿವಯ್ಯ, ಎಲ್ಲರೂ ಅಲ್ಲಿದ್ದರು.

ಸದಾಶಿವಪ್ಪ ಅವರೆಲ್ಲರ ಕಡೆ ತಿರುಗಿದ. "ಆವತ್ತು ಇಲ್ಲೇ ನಿಂತು ಒಂದು ಮಾತು ಹೇಳಿದ್ದೆ. ಇನ್ನೊಂದು ಹೇಳದೆ ಬಿಟ್ಟಿದ್ದೆ. ಇಷ್ಟು ವರ್ಷ ಈ ಬಸ್ಸುಗಳು ಘಾಟಿ ಇಳಿದು ಜನರನ್ನ ಮನೆ ಸೇರಿಸಿದ್ದು ಪುಟ್ಟಮಾದಪ್ಪನ ಕೈಯಿಂದ. ಯಾರ ಕೈಯಾದರೂ ಸಾಕು ಅನ್ನೋ ಕೆಲಸ ಇದಲ್ಲ."

ಕಂಡಕ್ಟರು ನೆಲ ನೋಡಿದ. ಸದಾಶಿವಪ್ಪ ಜೇಬಿನಿಂದ ಬೀಗದಕೈಯನ್ನು ತೆಗೆದು, ಪುಟ್ಟಮಾದಪ್ಪನ ಅಂಗೈಯಲ್ಲಿ ಇಟ್ಟ.